ಕಾರನ್ನೇ ಪುಡಿ ಮಾಡ್ತೀವಿ ಅಂದರು, ಕೆಲಸಕ್ಕೆ ಬಂದಿದ್ದು ಹಳದಿ ಕಾರ್ಡು: ನ್ಯೂಜಿಲೆಂಡ್‌ನ ಒಂದು ಪ್ರಕರಣ

2012ರ ಜೂನ್ ತಿಂಗಳು, ನ್ಯೂಜಿಲೆಂಡ್‌ನ ಲೋವರ್ ಹಟ್‌ನ ಒಂದು ಗುಜರಿ ಅಂಗಳ. ಸುತ್ತ ಕ್ಯಾಮೆರಾಗಳು. ಪೊಲೀಸ್ ಖಾತೆ ಸಚಿವೆ ಆನ್ ಟಾಲಿ ಗುಂಡಿ ಒತ್ತಿದರು, ಯಂತ್ರ ಒಂದು ಕಾರನ್ನು ಅಪ್ಪಚ್ಚಿ ಮಾಡಿತು. ರಸ್ತೆಯಲ್ಲಿ ಪದೇ ಪದೇ ಹುಚ್ಚಾಟ ಆಡಿ ಸಿಕ್ಕಿಬಿದ್ದ ಹುಡುಗನ ಕಾರು ಅದು. ಹೀಗೆ ಪುಡಿ ಮಾಡುವ ಕಾನೂನು ಜಾರಿಗೆ ಬಂದಿದ್ದು 2009ರ ಡಿಸೆಂಬರ್ 1ಕ್ಕೆ. ಅಂದರೆ ಮೊದಲ ಕಾರು ಯಂತ್ರದ ಬಾಯಿಗೆ ಬೀಳೋಕೆ ಎರಡೂವರೆ ವರ್ಷ ಹಿಡಿಯಿತು. ಕಾನೂನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ಪುಡಿಯಾದ ಕಾರುಗಳ ಒಟ್ಟು ಲೆಕ್ಕ ಎಷ್ಟು ಗೊತ್ತಾ? ಮೂರು.

ಅಷ್ಟಕ್ಕೇ ಇದನ್ನ ಸೋತ ಯೋಜನೆ ಅಂತ ಬದಿಗಿಡಬೇಡಿ. ಈ ಪ್ರಕರಣ ನನಗೆ ಇಷ್ಟ ಆಗೋದು ಬೇರೆ ಕಾರಣಕ್ಕೆ. ಒಂದೇ ದೇಶ, ಅದೇ ಪೊಲೀಸರು, ಅದೇ ವಯಸ್ಸಿನ ಹುಡುಗ ಹುಡುಗಿಯರು. ಅವರನ್ನು ಸರಿಯಾಗಿ ಗಾಡಿ ಓಡಿಸುವಂತೆ ಮಾಡೋಕೆ ಎರಡು ದಾರಿಗಳು ವರ್ಷಾನುಗಟ್ಟಲೆ ಜೊತೆಜೊತೆಗೇ ನಡೆದವು. ಒಂದು ಟಿವಿಯಲ್ಲಿ ಮಿಂಚಿತು. ಇನ್ನೊಂದು, ಲೈಸೆನ್ಸನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುವ ಪದ್ಧತಿ, ಎಷ್ಟು ಸಪ್ಪೆ ಅಂದರೆ ಅದರ ಬಗ್ಗೆ ಭಾಷಣ ಮಾಡಿ ಯಾರೂ ಓಟು ಗೆದ್ದಿರಲಿಕ್ಕಿಲ್ಲ. ಜೀವ ಉಳಿಸಿದ್ದು ಮುಖ್ಯವಾಗಿ ಆ ಸಪ್ಪೆ ದಾರಿಯೇ ಅನ್ನೋದು ನನ್ನ ವಾದ. ಹಾಗಂತ ಅದರಲ್ಲಿ ತೂತುಗಳೇ ಇಲ್ಲ ಅಂತಲ್ಲ, ಅದಕ್ಕೂ ಬರ್ತೀನಿ.

ರಾತ್ರಿ ಸುತ್ತುವ ಹುಡುಗರು

ಮೊದಲು ಹಿನ್ನೆಲೆ. ಜಪಾನ್‌ನಿಂದ ಸೆಕೆಂಡ್ ಹ್ಯಾಂಡ್ ಕಾರು ತರಿಸಿಕೊಳ್ಳುವ ನಿಯಮಗಳನ್ನು ನ್ಯೂಜಿಲೆಂಡ್ 1980ರ ದಶಕದ ಕೊನೆಯಿಂದ ಸಡಿಲ ಮಾಡುತ್ತಾ ಬಂತು, 1998ರಲ್ಲಿ ಕಾರಿನ ಮೇಲಿನ ಆಮದು ಸುಂಕವನ್ನೇ ತೆಗೆದುಹಾಕಿತು. ಎರಡೂ ದೇಶಗಳಲ್ಲಿ ಸ್ಟೇರಿಂಗ್ ಬಲಗಡೆ, ಹಾಗಾಗಿ ಏನೂ ಬದಲಾಯಿಸಬೇಕಿರಲಿಲ್ಲ. ಪರಿಣಾಮ ಊಹಿಸಬಹುದು. ಪಾರ್ಟ್ ಟೈಮ್ ಕೆಲಸ ಮಾಡುವ ಹುಡುಗನ ಕೈಗೂ ಎಟುಕುವ ಬೆಲೆಗೆ ನಿಸಾನ್ ಸ್ಕೈಲೈನ್, ಸುಬಾರು ತರದ ಜೋರು ಗಾಡಿಗಳು ಬಂದವು. ಜೊತೆಗೆ ಆ ದೇಶದಲ್ಲಿ ಆಗ 15 ವರ್ಷಕ್ಕೇ ಕಲಿಕಾ ಲೈಸೆನ್ಸ್ ಸಿಗುತ್ತಿತ್ತು. ಹಳ್ಳಿ, ಫಾರ್ಮ್‌ಗಳು ಜಾಸ್ತಿ, ಬಸ್ಸು ಕಡಿಮೆ, ಮಕ್ಕಳು ತಾವೇ ಓಡಿಸಿಕೊಂಡು ಹೋಗದೆ ಬೇರೆ ದಾರಿ ಇಲ್ಲ ಅನ್ನೋ ಲೆಕ್ಕಾಚಾರ.

ಇವರಲ್ಲಿ ಒಂದು ಗುಂಪಿಗೆ 'ಬಾಯ್ ರೇಸರ್' ಅನ್ನೋ ಹೆಸರು ಅಂಟಿಕೊಂಡಿತು. ಕ್ರೈಸ್ಟ್‌ಚರ್ಚ್ ನಗರದ ನಡುಭಾಗವನ್ನು ಬಳಸಿಕೊಂಡು ನಾಲ್ಕು ದೊಡ್ಡ ರಸ್ತೆಗಳಿವೆ. ವಾರಾಂತ್ಯದ ರಾತ್ರಿ ಸಾಲುಸಾಲು ಕಾರುಗಳು ಅಲ್ಲೇ ಸುತ್ತುತ್ತಿದ್ದವು. ಎಕ್ಸಾಸ್ಟ್ ಸದ್ದು, ಜೋರು ಸಂಗೀತ, ಟೈರು ಸುಟ್ಟ ವಾಸನೆ. ಚಕ್ರ ನಿಂತಲ್ಲೇ ಗಿರಗಿರ ತಿರುಗಿಸಿ ಹೊಗೆ ಎಬ್ಬಿಸೋದಕ್ಕೆ ಬರ್ನ್‌ಔಟ್ ಅಂತಾರೆ. ಚೆನ್ನಾಗಿ ಜಾರಲಿ ಅಂತ ರಸ್ತೆಗೆ ಡೀಸೆಲ್, ಎಣ್ಣೆ ಸುರಿಯುವವರೂ ಇದ್ದರು. ಬೆಳಗ್ಗೆ ಅದೇ ರಸ್ತೆಯಲ್ಲಿ ಬೈಕಿನವನು ಬಂದರೆ ಗತಿ ಏನು, ಅಲ್ವಾ? ಅಲ್ಲಿನ ನಿವಾಸಿಗಳು ರಾತ್ರಿ ನಿದ್ದೆ ಇಲ್ಲದೆ ರೋಸಿಹೋಗಿದ್ದರು, ಅವರ ಸಿಟ್ಟಿನಲ್ಲಿ ಅರ್ಥ ಇತ್ತು.

2003ರಲ್ಲಿ ಇದಕ್ಕೆಂದೇ ಕಾನೂನು ಬಂತು. ಬೀದಿ ರೇಸು, ಬರ್ನ್‌ಔಟ್ ಮಾಡಿದವರ ಗಾಡಿಯನ್ನು ಪೊಲೀಸರು ಸ್ಥಳದಲ್ಲೇ 28 ದಿನ ಜಪ್ತಿ ಮಾಡಬಹುದು. ಕೋರ್ಟಿಗೆ ಹೋಗಿ ಕಾಯಬೇಕಿಲ್ಲ. ಲೈಸೆನ್ಸ್ ರದ್ದಾಗಿದ್ದರೂ ಓಡಿಸುವವರ ಮೇಲೆ 1999ರಿಂದಲೇ ಈ ಅಸ್ತ್ರ ಬಳಸುತ್ತಿದ್ದರು, ಈಗ ರೇಸಿನವರಿಗೂ ಬಂತು. ರಸ್ತೆಗೆ ಎಣ್ಣೆ ಸುರಿಯೋದೂ ಅಪರಾಧ ಆಯಿತು.

ಅಷ್ಟಾದರೂ ಗಲಾಟೆ ನಿಲ್ಲಲಿಲ್ಲ. 2008ರ ಕೊನೆಗೆ ಹೊಸ ಸರ್ಕಾರ ಬಂತು. ಪೊಲೀಸ್ ಸಚಿವೆ ಜೂಡಿತ್ ಕಾಲಿನ್ಸ್ ಒಂದು ಹೆಜ್ಜೆ ಮುಂದೆ ಹೋದರು: ನಾಲ್ಕು ವರ್ಷದಲ್ಲಿ ಮೂರು ಸಲ ಇಂಥ ಅಪರಾಧ ಮಾಡಿದರೆ ಕೋರ್ಟು ಕಾರನ್ನೇ ಪುಡಿ ಮಾಡಿಸಬಹುದು. ಪತ್ರಿಕೆಗಳು ಅವರಿಗೆ 'ಕ್ರಷರ್ ಕಾಲಿನ್ಸ್' ಅಂತ ಹೆಸರಿಟ್ಟವು. ಆ ಹೆಸರು ಅವರ ರಾಜಕೀಯಕ್ಕೆ ನಷ್ಟವನ್ನೇನೂ ಮಾಡಲಿಲ್ಲ ಬಿಡಿ.

ಮೂರೇ ಮೂರು ಯಾಕೆ

ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಭಯಂಕರ ಶಿಕ್ಷೆ ಇಲ್ಲ. ಆ ವಯಸ್ಸಿನ ಹುಡುಗನಿಗೆ ಕಾರೇ ಪ್ರಾಣ. ಆದರೆ ಅದು ಅವನ ಮೇಲೆ ಬೀಳಬೇಕಾದರೆ ಏನೇನು ಆಗಬೇಕು ನೋಡಿ. ಮೂರು ಸಲ ಸಿಕ್ಕಿಬೀಳಬೇಕು. ಮೂರು ಸಲವೂ ಅಪರಾಧ ಸಾಬೀತಾಗಬೇಕು. ಅದೆಲ್ಲ ನಾಲ್ಕು ವರ್ಷದೊಳಗೆ ಮುಗಿಯಬೇಕು. ಅಷ್ಟರಲ್ಲಿ ಕಾರು ಅವನ ಕೈಯಲ್ಲೇ ಉಳಿದಿರಬೇಕು. ಕೊನೆಗೆ ನ್ಯಾಯಾಧೀಶರು ಮಾರಿಸುವುದರ ಬದಲು ಪುಡಿ ಮಾಡಿಸೋದೇ ಸರಿ ಅಂತ ಒಪ್ಪಬೇಕು. ಹದಿನೆಂಟರ ಹುಡುಗನಿಗೆ ನಾಲ್ಕು ವರ್ಷ ಅಂದರೆ ಒಂದು ಯುಗ. ಶನಿವಾರ ರಾತ್ರಿ ಹನ್ನೆರಡಕ್ಕೆ ಗೆಳೆಯರು ಹುರಿದುಂಬಿಸುವಾಗ, ಮುಂದೆಂದೋ ಆಗಬಹುದಾದ ಮೂರನೇ ಶಿಕ್ಷೆ ಯಾರ ತಲೆಗೆ ಬರುತ್ತೆ?

ಅಪರಾಧಗಳ ಸಂಖ್ಯೆ ಇಳಿದಿದೆ, ಹೆದರಿಕೆ ಹುಟ್ಟಿಸೋದೇ ನಮ್ಮ ಉದ್ದೇಶ, ಹಾಗಾಗಿ ಕಡಿಮೆ ಕಾರು ಪುಡಿಯಾದರೆ ಅದೇ ಗೆಲುವು ಅಂತ ಸರ್ಕಾರದವರು ಹೇಳಿದರು. ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಅದೇ ಹೊತ್ತಿಗೆ 28 ದಿನದ ಜಪ್ತಿಯೂ ನಡೆಯುತ್ತಿತ್ತು. ಆವತ್ತೇ ರಾತ್ರಿ ಟೋಯಿಂಗ್ ಗಾಡಿ ಬಂದು ಕಣ್ಣೆದುರಿಗೇ ಕಾರನ್ನು ಎಳೆದುಕೊಂಡು ಹೋಗುತ್ತೆ, ಹುಡುಗ ನಡೆದುಕೊಂಡು ಮನೆಗೆ ಹೋಗಬೇಕು. ಬಿಡಿಸಿಕೊಳ್ಳೋಕೆ ಟೋಯಿಂಗ್ ಖರ್ಚು, ಅಂಗಳದ ಬಾಡಿಗೆ ಎರಡನ್ನೂ ಕಟ್ಟಬೇಕು. ಎಷ್ಟೋ ಹಳೇ ಕಾರುಗಳಿಗೆ ಆ ಬಿಲ್ಲೇ ಕಾರಿನ ಬೆಲೆಗಿಂತ ಜಾಸ್ತಿ ಆಗಿ, ಮಾಲೀಕರು ಬಿಡಿಸಿಕೊಳ್ಳೋಕೇ ಬರದೆ, ಕೊನೆಗೆ ಟೋಯಿಂಗ್‌ನವರೇ ತಲೆ ಚಚ್ಚಿಕೊಂಡಿದ್ದುಂಟು. ಯಂತ್ರದ ಕ್ಯಾಮೆರಾ ಸಮಾರಂಭಕ್ಕಿಂತ ಈ ಟೋಯಿಂಗ್ ಗಾಡಿಯೇ ಹೆಚ್ಚು ಜನರಿಗೆ ಬುದ್ಧಿ ಕಲಿಸಿರಬೇಕು ಅನ್ನೋದು ನನ್ನ ಅಂದಾಜು.

ಇನ್ನೊಂದು ಅಡ್ಡಪರಿಣಾಮವನ್ನು ಮರೆಯಬಾರದು. ಶಿಕ್ಷೆ ದೊಡ್ಡದಾದಷ್ಟೂ ಪೊಲೀಸ್ ಕೈ ಅಡ್ಡ ಹಾಕಿದಾಗ ನಿಲ್ಲದೆ ಪರಾರಿಯಾಗುವ ಆಸೆಯೂ ದೊಡ್ಡದಾಗುತ್ತೆ. ನ್ಯೂಜಿಲೆಂಡ್‌ನಲ್ಲಿ ಬೆನ್ನಟ್ಟುವಿಕೆ ದೊಡ್ಡ ತಲೆನೋವಾಗಿತ್ತು. ಪೊಲೀಸರೂ ಅವರ ಮೇಲ್ವಿಚಾರಣಾ ಪ್ರಾಧಿಕಾರವೂ ಸೇರಿ 2019ರಲ್ಲಿ ಒಂದು ಪರಿಶೀಲನೆ ಮಾಡಿದವು. ಓಡಿಹೋಗುವವರಲ್ಲಿ ಹೆಚ್ಚಿನವರು ಯುವಕರೇ. 2020ರ ಡಿಸೆಂಬರ್‌ನಲ್ಲಿ ಬೆನ್ನಟ್ಟುವ ನಿಯಮವನ್ನು ಬಿಗಿ ಮಾಡಿದರು: ಆ ಚಾಲಕ ಮೊದಲೇ ತಂದಿಟ್ಟಿದ್ದ ಅಪಾಯ, ಬೆನ್ನಟ್ಟುವುದರಿಂದ ಆಗುವ ಅಪಾಯಕ್ಕಿಂತ ದೊಡ್ಡದಿದ್ದರೆ ಮಾತ್ರ ಹಿಂದೆ ಬೀಳಿ ಅಂತ. ಸರಿ, ನಿಲ್ಲದೆ ಹೋದರೆ ಯಾರೂ ಬರಲ್ಲ ಅಂತ ಹುಡುಗರಿಗೆ ಗೊತ್ತಾಯಿತು, ನಿಲ್ಲದೆ ಓಡುವವರು ಜಾಸ್ತಿಯಾದರು. 2023ರಲ್ಲಿ ನಿಯಮವನ್ನು ಮತ್ತೆ ಸಡಿಲಿಸಬೇಕಾಯಿತು. ಎರಡೂ ಕಡೆ ಜೀವದ ಪ್ರಶ್ನೆ, ಸುಲಭದ ಉತ್ತರ ಯಾರ ಹತ್ತಿರವೂ ಇಲ್ಲ.

ಹಳದಿ ಕಾರ್ಡು

ಈಗ ಸಪ್ಪೆ ದಾರಿಗೆ ಬರೋಣ. ಇದು ಶುರುವಾಗಿದ್ದು ಬಾಯ್ ರೇಸರ್ ಗಲಾಟೆಗಿಂತ ಎಷ್ಟೋ ಮೊದಲು, 1987ರ ಆಗಸ್ಟ್ 1ಕ್ಕೆ. ಪೂರ್ತಿ ಲೈಸೆನ್ಸ್ ಒಂದೇ ಏಟಿಗೆ ಕೊಡೋದು ಬೇಡ, ಮೂರು ಮೆಟ್ಟಿಲಲ್ಲಿ ಕೊಡೋಣ ಅಂತ ತೀರ್ಮಾನಿಸಿದರು. ಮೊದಲನೆಯದು ಕಲಿಕಾ ಲೈಸೆನ್ಸ್. ಎಲ್ ಬೋರ್ಡ್ ಹಾಕಬೇಕು, ಪಕ್ಕದಲ್ಲಿ ಪಳಗಿದ ಚಾಲಕ ಕೂತಿರಲೇಬೇಕು. ಈಗಿನ ನಿಯಮದಲ್ಲಿ ಆ ಪಕ್ಕದವರ ಹತ್ತಿರ ಪೂರ್ತಿ ಲೈಸೆನ್ಸ್ ಇದ್ದು ಕನಿಷ್ಠ ಎರಡು ವರ್ಷ ಆಗಿರಬೇಕು. ಎರಡನೆಯದು ನಿರ್ಬಂಧಿತ ಲೈಸೆನ್ಸ್. ಇದರಲ್ಲಿ ಒಬ್ಬರೇ ಓಡಿಸಬಹುದು, ಆದರೆ ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಒಬ್ಬರೇ ಓಡಿಸುವಂತಿಲ್ಲ, ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಅಪ್ಪ ಅಮ್ಮ, ಸಂಗಾತಿ, ಸ್ವಂತ ಮಕ್ಕಳು ಇಂಥವರಿಗೆ ಈಗ ವಿನಾಯಿತಿ ಇದೆ. ಆಮೇಲೆ ಪೂರ್ತಿ ಲೈಸೆನ್ಸ್.

ಈ ಎರಡೇ ಷರತ್ತು ಯಾಕೆ, ರಾತ್ರಿ ಮತ್ತು ಗೆಳೆಯರು? ಹೊಸ ಚಾಲಕರ ಅಪಘಾತಗಳು ಗುಂಪುಗೂಡುವುದು ಅಲ್ಲೇ. ಪಕ್ಕದಲ್ಲಿ ದೊಡ್ಡವರು ಕೂತಿರುವ ಕಲಿಕೆಯ ಅವಧಿಯಲ್ಲಿ ಅಪಘಾತ ತೀರಾ ಕಡಿಮೆ. ಒಬ್ಬರೇ ಓಡಿಸೋಕೆ ಶುರು ಮಾಡಿದ ಮೊದಲ ಕೆಲವು ತಿಂಗಳಲ್ಲಿ ಒಮ್ಮೆಲೇ ಏರುತ್ತೆ, ಆಮೇಲೆ ನಿಧಾನಕ್ಕೆ ಇಳಿಯುತ್ತೆ. ಬೇರೆ ದೇಶಗಳಲ್ಲೂ ಇದೇ ಗೆರೆ. ಹದಿಹರೆಯದ ಚಾಲಕನ ಪಕ್ಕ ಅದೇ ವಯಸ್ಸಿನ ಒಬ್ಬ ಕೂತರೆ ಅಪಾಯ ಏರುತ್ತೆ, ಇಬ್ಬರು ಮೂವರಾದರೆ ಇನ್ನೂ ಏರುತ್ತೆ. ಗಮನಿಸಿ, ಇಲ್ಲಿ ರೇಸು ಆಡುವ ಪುಂಡರ ಮಾತೇ ಇಲ್ಲ. ಪಾರ್ಟಿ ಮುಗಿಸಿ ನಾಲ್ಕು ಜನ ಗೆಳೆಯರನ್ನು ಮನೆಗೆ ಬಿಡೋಕೆ ಹೊರಟ, ಒಳ್ಳೆಯ ಹುಡುಗ ಅಂತಲೇ ಎಲ್ಲರೂ ಹೇಳುವ ಹುಡುಗನ ವಿಷಯ ಇದು. ಕಾರು ಪುಡಿ ಮಾಡುವ ಕಾನೂನು ಇವನ ಹತ್ತಿರಕ್ಕೂ ಬರಲ್ಲ.

ಒಟಾಗೊ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಈ ಪದ್ಧತಿಯ ಲೆಕ್ಕ ತೆಗೆದು 1996ರಲ್ಲಿ ಪ್ರಕಟಿಸಿದರು. 15ರಿಂದ 19 ವಯಸ್ಸಿನವರಲ್ಲಿ ಕಾರು ಅಪಘಾತದ ಗಾಯಗಳು 23% ಇಳಿದಿದ್ದವು. ಆದರೆ ಅದೇ ಹೊತ್ತಿಗೆ ದೊಡ್ಡವರಲ್ಲೂ ಇಳಿದಿದ್ದವು, ಹೊಸ ಪದ್ಧತಿ ಅವರಿಗೆ ಅನ್ವಯ ಆಗದೇ ಇದ್ದರೂ. ಹಾಗಾಗಿ 23% ಪೂರ್ತಿ ಇದರದ್ದೇ ಸಾಧನೆ ಅನ್ನೋಕೆ ಬರಲ್ಲ, ಒಂದು ಪಾಲು ಮಾತ್ರ. ಎಲ್ಲೋ ಓದಿ 23ನ್ನೇ ಎತ್ತಿ ಹೇಳುವವರು ಈ ಎರಡನೇ ವಾಕ್ಯವನ್ನು ನುಂಗಿಬಿಡುತ್ತಾರೆ. ಆ ಒಂದು ಪಾಲು ಕೂಡ ಸಣ್ಣದಲ್ಲ, ಯಾಕೆಂದರೆ ಅದು ಇಡೀ ದೇಶದ ಆ ವಯಸ್ಸಿನ ಎಲ್ಲರಿಗೂ ಅನ್ವಯವಾಗುವ ಇಳಿಕೆ.

ನಿಯಮ ಬರೆಯೋದು ಸುಲಭ. ರಾತ್ರಿ ಹನ್ನೊಂದಕ್ಕೆ ರಸ್ತೆಯಲ್ಲಿ ನಿಂತ ಪೊಲೀಸಿಗೆ ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಅಂತ ಗೊತ್ತಾಗಬೇಕಲ್ಲ? ಶುರುವಿನಲ್ಲಿ ಇದೇ ದೊಡ್ಡ ತೊಡಕು. ಆಗ ಸಂಚಾರ ಪೊಲೀಸರು ಸಾರಿಗೆ ಇಲಾಖೆಯ ಕೆಳಗೆ ಬೇರೆಯೇ ಪಡೆ, ಅಪರಾಧದ ಪೊಲೀಸರು ಬೇರೆ. 1992ರಲ್ಲಿ ಎರಡನ್ನೂ ಸೇರಿಸಿದರು. 1993ರಲ್ಲಿ ಯಾವ ಕಾರಣವೂ ಇಲ್ಲದೆ ಯಾರನ್ನು ಬೇಕಾದರೂ ನಿಲ್ಲಿಸಿ ಉಸಿರು ಪರೀಕ್ಷೆ ಮಾಡುವ ಅಧಿಕಾರ ಬಂತು. 1999ರಲ್ಲಿ ಫೋಟೋ ಇರುವ ಲೈಸೆನ್ಸ್ ಕಾರ್ಡು ಬಂತು, ಓಡಿಸುವಾಗ ಅದು ಜೇಬಿನಲ್ಲಿ ಇರಲೇಬೇಕು. ಅಣ್ಣನ ಹೆಸರು ಹೇಳಿ ಜಾರಿಕೊಳ್ಳುವ ಆಟಕ್ಕೆ ಕುತ್ತು. ಕಾರ್ಡಿನ ಬಣ್ಣವೇ ಬೇರೆ ಬೇರೆ: ಕಲಿಯುವವರಿಗೆ ನೀಲಿ, ನಿರ್ಬಂಧಿತಕ್ಕೆ ಹಳದಿ, ಪೂರ್ತಿ ಲೈಸೆನ್ಸಿಗೆ ಹಸಿರು.

ಒಂದು ದೃಶ್ಯ ಊಹಿಸಿಕೊಳ್ಳಿ. ರಾತ್ರಿ 11 ಗಂಟೆ, ಪೊಲೀಸರು ರಸ್ತೆ ಬದಿ ಸಾಲಾಗಿ ಕಾರು ನಿಲ್ಲಿಸುತ್ತಿದ್ದಾರೆ. ಕಿಟಕಿ ಇಳಿಯುತ್ತೆ. ಟಾರ್ಚ್ ಬೆಳಕು ಮೊದಲು ಚಾಲಕನ ಮುಖಕ್ಕೆ, ಆಮೇಲೆ ಹಿಂದಿನ ಸೀಟಿಗೆ. ಕುಡಿದಿದ್ದಾನಾ ಅಂತ ನೋಡೋಕೆ ಎಣಿಸು, ಹೆಸರು ಹೇಳು, ಮೀಟರ್‌ಗೆ ಮಾತಾಡು. ಕೈಗೆ ಬಂದ ಕಾರ್ಡು ಹಳದಿ. ಪಕ್ಕದಲ್ಲಿ ಕೂತವನಿಗೂ ಹದಿನೇಳೇ. ಅಲ್ಲಿಗೆ ಮಾತು ಮುಗಿಯಿತು. ಇಲ್ಲಿ ವೇಗ ಅಳೆಯಬೇಕಿಲ್ಲ, ಸಾಕ್ಷಿ ಬೇಕಿಲ್ಲ, ವಾದಕ್ಕೆ ಜಾಗವೇ ಇಲ್ಲ. ಗಡಿಯಾರ ನೋಡಿದರೆ, ತಲೆ ಎಣಿಸಿದರೆ ಸಾಕು. ಪೊಲೀಸರ ಕೈಗೆ ಇಷ್ಟು ಸಲೀಸಾದ ನಿಯಮ ಸಿಗೋದು ಅಪರೂಪ.

ಶಿಕ್ಷೆ ಏನು ಅನ್ನೋದು ಇನ್ನೂ ಸ್ವಾರಸ್ಯ. ಹಿಂದೆ ಷರತ್ತು ಮುರಿದರೆ 400 ಡಾಲರ್ ದಂಡ, 25 ಡಿಮೆರಿಟ್ ಪಾಯಿಂಟ್ (ತಪ್ಪು ಮಾಡಿದಾಗ ಚಾಲಕನ ಲೆಕ್ಕಕ್ಕೆ ಸೇರುವ ಅಂಕ). 2011ರಲ್ಲಿ ಇದನ್ನು ತಿರುವುಮುರುವು ಮಾಡಿದರು: ದಂಡ 100 ಡಾಲರ್‌ಗೆ ಇಳಿಸಿ, ಪಾಯಿಂಟ್ 35ಕ್ಕೆ ಏರಿಸಿದರು. ದಂಡ ಕಡಿಮೆ ಮಾಡಿದ್ದು ಮೃದುತನ ಅಂತ ಕಾಣಬಹುದು, ಅಲ್ಲ. 400 ಡಾಲರ್ ಅನ್ನೋದು ಅನುಕೂಲಸ್ಥರ ಮನೆಯಲ್ಲಿ ಅಪ್ಪ ಕಟ್ಟಿಬಿಡುವ ಮೊತ್ತ, ಇಲ್ಲದವರ ಮನೆಯಲ್ಲಿ ಕಟ್ಟಲಾಗದೆ ಸಾಲವಾಗಿ ಬೆಳೆಯುವ ಮೊತ್ತ. ಎರಡೂ ಕಡೆ ಹುಡುಗನ ಓಡಿಸುವ ರೀತಿ ಬದಲಾಗಲ್ಲ. ಪಾಯಿಂಟ್ ಹಾಗಲ್ಲ, ಅದನ್ನು ಅಪ್ಪ ಕಟ್ಟೋಕೆ ಆಗಲ್ಲ. ಎರಡು ವರ್ಷದಲ್ಲಿ 100 ತುಂಬಿದರೆ ಮೂರು ತಿಂಗಳು ಲೈಸೆನ್ಸ್ ಅಮಾನತು. 25ರ ಲೆಕ್ಕದಲ್ಲಿ ನಾಲ್ಕು ಸಲ ಸಿಕ್ಕಿಬೀಳಬೇಕಿತ್ತು, 35ರ ಲೆಕ್ಕದಲ್ಲಿ ಮೂರೇ ಸಲಕ್ಕೆ 105. ಯಾರೋ ಕೂತು ಗಣಿತ ಮಾಡಿದ್ದಾರೆ ಅನ್ನೋದು ಸ್ಪಷ್ಟ.

ಅದೇ 2011 ಬೇರೆ ಬದಲಾವಣೆಗಳನ್ನೂ ತಂತು. ಕಲಿಕಾ ಲೈಸೆನ್ಸ್ ವಯಸ್ಸು 15ರಿಂದ 16ಕ್ಕೆ ಏರಿತು. 20 ವರ್ಷದೊಳಗಿನವರಿಗೆ ಕುಡಿತದ ಮಿತಿ ಸೊನ್ನೆ ಆಯಿತು. ಒಂದು ಗುಟುಕು ಪರವಾಗಿಲ್ಲವಾ, ಎರಡು ಪರವಾಗಿಲ್ಲವಾ ಅನ್ನೋ ಲೆಕ್ಕಾಚಾರವೇ ಇಲ್ಲ, ಕುಡಿದಿದ್ದೀಯಾ ಇಲ್ಲವಾ ಅಷ್ಟೇ. ಸ್ವಲ್ಪ ಕುಡಿದು ಸಿಕ್ಕಿಬಿದ್ದರೂ 50 ಪಾಯಿಂಟ್. ಮುಂದಿನ ವರ್ಷ ನಿರ್ಬಂಧಿತ ಲೈಸೆನ್ಸಿನ ಪರೀಕ್ಷೆಯನ್ನೂ ಕಠಿಣ ಮಾಡಿದರು. ಮೊದಲು 120 ಗಂಟೆ ದೊಡ್ಡವರ ಜೊತೆ ಓಡಿಸಿ ಅಭ್ಯಾಸ ಮಾಡಿ, ಆಮೇಲೆ ಬನ್ನಿ ಅನ್ನೋದು ಸಲಹೆ.

ತೂತುಗಳು

ಎಲ್ಲರೂ ಷರತ್ತು ಪಾಲಿಸುತ್ತಾರಾ? ಖಂಡಿತ ಇಲ್ಲ. ಎಲ್ ಬೋರ್ಡಿನ ಹಾಗೆ ನಿರ್ಬಂಧಿತ ಲೈಸೆನ್ಸಿನವರು ಕಾರಿಗೆ ಏನೂ ಹಾಕಬೇಕಿಲ್ಲ, ಹಾಗಾಗಿ ನಿಲ್ಲಿಸುವ ತನಕ ಪೊಲೀಸರಿಗೆ ಹೊರಗಿನಿಂದ ಏನೂ ಕಾಣಲ್ಲ. ಗೆಳೆಯರನ್ನು ಕೂರಿಸಿಕೊಂಡು ಹೋಗುವವರು ಧಾರಾಳ ಇದ್ದಾರೆ. ಅರ್ಧ ಪೊಲೀಸ್ ಕೆಲಸವನ್ನು ಮಾಡಬೇಕಾದವರು ಮನೆಯವರು, ಕೀ ಇರೋದು ಅವರ ಹತ್ತಿರವೇ ತಾನೇ. 'ಕಾನೂನೇ ಬಿಡಲ್ಲ ಮಗಾ, ನಾನೇನು ಮಾಡಲಿ' ಅನ್ನೋ ನೆಪ ಹೆತ್ತವರಿಗೆ ಸಿಕ್ಕಿದ್ದು ಈ ಪದ್ಧತಿಯ ದೊಡ್ಡ ಉಪಕಾರ. ಆದರೆ ಮಗ ಬೇಗ ಲೈಸೆನ್ಸ್ ಪಡೆದರೆ ತಮಗೆ ಡ್ರೈವರ್ ಕೆಲಸ ತಪ್ಪುತ್ತೆ ಅಂತ ಕಾಯುವ ಅಪ್ಪ ಅಮ್ಮಂದಿರೂ ಇರುತ್ತಾರೆ, ಅವರ ಮನೆಯಲ್ಲಿ ಷರತ್ತು ಕಾಗದದಲ್ಲೇ ಉಳಿಯುತ್ತೆ.

ಎರಡನೇ ತೂತು ಒಳ್ಳೆ ಉದ್ದೇಶದಿಂದಲೇ ಆಗಿದ್ದು. ಒಪ್ಪಿಗೆ ಪಡೆದ ಚಾಲನಾ ಕೋರ್ಸು ಮುಗಿಸಿದರೆ ನಿರ್ಬಂಧಿತ ಅವಧಿ 18 ತಿಂಗಳಿಂದ 12ಕ್ಕೆ ಇಳಿಯುತ್ತಿತ್ತು. ಕೇಳೋಕೆ ಚೆನ್ನಾಗಿದೆ, ಕಲಿತವನಿಗೆ ಬಹುಮಾನ. ಲೆಕ್ಕ ನೋಡಿದರೆ ಉಲ್ಟಾ. ಹೀಗೆ ರಿಯಾಯಿತಿ ಪಡೆದು ಬೇಗ ಪೂರ್ತಿ ಲೈಸೆನ್ಸ್ ಪಡೆದವರಲ್ಲೇ ಅಪಘಾತ ಜಾಸ್ತಿ ಕಂಡುಬಂತು. ಕೋರ್ಸು ಕೊಟ್ಟಿದ್ದಕ್ಕಿಂತ, ಕಳೆದುಕೊಂಡ ಆ ಆರು ತಿಂಗಳ ರಕ್ಷಣೆಯ ಬೆಲೆಯೇ ದೊಡ್ಡದಿತ್ತು. ಶಾಲೆಯಲ್ಲಿ ಡ್ರೈವಿಂಗ್ ಪಾಠ ಹೇಳಿಕೊಡುವ ಕಾರ್ಯಕ್ರಮಗಳ ಬಗ್ಗೆ 2001ರಲ್ಲಿ ಬಂದ ಕಾಕ್ರೇನ್ ವಿಮರ್ಶೆಯೂ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವಿಮರ್ಶೆ) ಇದನ್ನೇ ಹೇಳಿತ್ತು: ಪಾಠದಿಂದ ಮಕ್ಕಳು ಬೇಗ ಲೈಸೆನ್ಸ್ ಪಡೆಯುತ್ತಾರೆ, ಅಪಘಾತ ಕಡಿಮೆಯಾಗುತ್ತೆ ಅನ್ನೋಕೆ ಪುರಾವೆ ಇಲ್ಲ. ಪಾಠ, ಭಾಷಣ, ರಕ್ತ ತೋರಿಸುವ ವಿಡಿಯೋ ಇವುಗಳ ಮೇಲೆ ಪೊಲೀಸರು ಖರ್ಚು ಮಾಡುವ ಸಂಜೆಗಳನ್ನು ನೋಡಿದಾಗೆಲ್ಲ ನನಗೆ ಈ ಸಾಲು ನೆನಪಾಗುತ್ತೆ.

ಮೂರನೇ ತೂತು ಎಲ್ಲಕ್ಕಿಂತ ಕೆಟ್ಟದ್ದು. 120 ಗಂಟೆ ಅಭ್ಯಾಸಕ್ಕೆ ಏನೇನು ಬೇಕು? ಒಂದು ಕಾರು, ಪೆಟ್ರೋಲು, ಬಿಡುವಿರುವ ಮತ್ತು ಪೂರ್ತಿ ಲೈಸೆನ್ಸ್ ಇರುವ ದೊಡ್ಡವರೊಬ್ಬರು. ಪರೀಕ್ಷೆ ಕಠಿಣ ಆದಷ್ಟೂ ಶುಲ್ಕ ಮತ್ತೆ ಮತ್ತೆ ಕಟ್ಟಬೇಕು. ಇದೆಲ್ಲ ಇಲ್ಲದ ಮನೆಗಳ ಮಕ್ಕಳು, ಅದರಲ್ಲೂ ದೂರದ ಹಳ್ಳಿಗಳ ಮಾವೊರಿ (ಅಲ್ಲಿನ ಮೂಲನಿವಾಸಿಗಳು) ಮಕ್ಕಳು, ಲೈಸೆನ್ಸಿನ ಗೊಡವೆಯೇ ಬೇಡ ಅಂತ ಸುಮ್ನೆ ಓಡಿಸಿದರು. ಬಸ್ಸಿಲ್ಲ, ಕೆಲಸಕ್ಕೆ ಹೋಗಲೇಬೇಕು. ಸಿಕ್ಕಿಬಿದ್ದರು, ದಂಡ. ಕಟ್ಟಲಿಲ್ಲ, ಇನ್ನಷ್ಟು ದಂಡ. ಲೈಸೆನ್ಸ್ ಪಡೆಯುವ ತನಕ ಓಡಿಸಬೇಡ ಅಂತ ಆದೇಶ. ಆದರೂ ಓಡಿಸಿದರು, ಕಾರು ಜಪ್ತಿ, ಕೊನೆಗೆ ಕೋರ್ಟು. ಯಾರಿಗೂ ಗುದ್ದದೆ, ವೇಗ ಮೀರದೆ, ಬರೀ ಕಾರ್ಡಿಲ್ಲದ ಕಾರಣಕ್ಕೆ ಹದಿನೆಂಟರ ವಯಸ್ಸಿಗೇ ಅಪರಾಧಿ ಅನ್ನಿಸಿಕೊಂಡರು. ಕೆಲಸ ಕೊಡುವವರು ಮೊದಲು ಕೇಳೋದು ಲೈಸೆನ್ಸನ್ನೇ.

ಇಲ್ಲಿ ಪೊಲೀಸರು ತಾವೇ ದಾರಿ ಬದಲಿಸಿದ್ದು ಈ ಪ್ರಕರಣದಲ್ಲಿ ನನಗೆ ಹೆಚ್ಚು ಹಿಡಿಸಿದ ಭಾಗ. ಲೈಸೆನ್ಸಿನ ತಪ್ಪಿಗೆ ಸಿಕ್ಕಿಬಿದ್ದವರಿಗೆ ನೇರ ದಂಡ ಹಾಕುವ ಬದಲು, ಇಂತಿಷ್ಟು ದಿನದೊಳಗೆ ಸರಿಯಾದ ಲೈಸೆನ್ಸ್ ಪಡೆದು ತೋರಿಸು, ದಂಡ ಬಿಡ್ತೀವಿ ಅನ್ನುವ ಪದ್ಧತಿ ಬಂತು. ತೆ ಪೈ ಒರಂಗ ಅಂತ ಸಮುದಾಯದ ಪಂಚಾಯ್ತಿಗಳಿವೆ. ಸಣ್ಣ ತಪ್ಪು ಮಾಡಿದವರನ್ನು ಪೊಲೀಸರು ಕೋರ್ಟಿಗೆ ಎಳೆಯುವ ಬದಲು ಅಲ್ಲಿಗೆ ಕಳಿಸುತ್ತಾರೆ. ಊರಿನ ಹಿರಿಯರು ಎದುರಿಗೆ ಕೂರಿಸಿಕೊಂಡು ಯಾಕೆ ಹೀಗಾಯ್ತು ಅಂತ ಕೇಳುತ್ತಾರೆ. ಲೈಸೆನ್ಸ್ ಇಲ್ಲದ್ದೇ ತೊಂದರೆಯಾದರೆ ಅದನ್ನು ಕೊಡಿಸುವ ವ್ಯವಸ್ಥೆ ಮಾಡೋದೂ ಪಂಚಾಯ್ತಿಯ ತೀರ್ಮಾನದ ಭಾಗ ಆಗಬಹುದು. ಸ್ವಯಂಸೇವಕರು ತಮ್ಮ ಸಮಯ ಕೊಟ್ಟು, ಯೋಜನೆಯ ಕಾರಿನಲ್ಲಿ ಕೂರಿಸಿ ಕಲಿಸುವ ಕಾರ್ಯಕ್ರಮಗಳೂ ಊರೂರಿಗೆ ಹುಟ್ಟಿಕೊಂಡವು.

ಪ್ರಶ್ನೆ ಕೇಳುವವರಿದ್ದಾರೆ. ನಿಯಮ ಮುರಿದವನಿಗೆ ದಂಡದ ಬದಲು ಪುಕ್ಕಟೆ ಡ್ರೈವಿಂಗ್ ಕ್ಲಾಸಾ ಅಂತ. ನನ್ನ ಉತ್ತರ ಇಷ್ಟೇ: ಮೆಟ್ಟಿಲುಗಳ ಪದ್ಧತಿ ಕೆಲಸ ಮಾಡೋದು ಮೆಟ್ಟಿಲ ಮೇಲೆ ನಿಂತವರ ಮೇಲೆ ಮಾತ್ರ. ಹೊರಗೇ ಉಳಿದವನಿಗೆ ರಾತ್ರಿ 10ರ ಷರತ್ತೂ ಇಲ್ಲ, ಗೆಳೆಯರ ಷರತ್ತೂ ಇಲ್ಲ, ಕಳೆದುಕೊಳ್ಳೋಕೆ ಲೈಸೆನ್ಸೇ ಇಲ್ಲ. ಅವನನ್ನು ಒಳಗೆ ತಂದರೆ ತಾನೇ ಪಾಯಿಂಟ್ ಅವನಿಗೆ ನಾಟೋದು.

2025ರಲ್ಲಿ ನ್ಯೂಜಿಲೆಂಡ್ ಸರ್ಕಾರ ಮತ್ತೆ ಬೀದಿ ರೇಸಿನವರ ಮೇಲೆ ಗುಡುಗಿತು. ತಪ್ಪಿತಸ್ಥರ ಕಾರನ್ನು ಕಿತ್ತುಕೊಳ್ಳುವುದೋ ನಾಶ ಮಾಡುವುದೋ ಇನ್ನು ಮೇಲೆ ಕೋರ್ಟಿನ ಮಾಮೂಲು ಕ್ರಮ ಆಗಬೇಕು ಅನ್ನುವ ಪ್ರಸ್ತಾಪ ಬಂತು. ಹಳೇ ಕಾನೂನಿನ ಮೂರು ಸಲದ ಕಾಯುವಿಕೆ ಇದರಲ್ಲಿಲ್ಲ, ಆ ಮಟ್ಟಿಗೆ ಪಾಠ ಕಲಿತಿದ್ದಾರೆ. ಅದೇ ವರ್ಷ ಇನ್ನೊಂದು ಘೋಷಣೆಯೂ ಬಂತು: ಪೂರ್ತಿ ಲೈಸೆನ್ಸಿಗೆ ಇದ್ದ ಕೊನೆಯ ರಸ್ತೆ ಪರೀಕ್ಷೆಯನ್ನು ಬಹುತೇಕರಿಗೆ ತೆಗೆದುಹಾಕೋದು, ಅದರಿಂದ ಖರ್ಚು ಕಡಿಮೆ ಆಗಿ ಹೆಚ್ಚು ಜನ ಲೈಸೆನ್ಸ್ ಪಡೆಯಲಿ ಅಂತ. ಮೊದಲನೆಯದಕ್ಕೆ ಮತ್ತೆ ಕ್ಯಾಮೆರಾ ಸಿಗುತ್ತೆ. ನಾನಾದರೆ ಎರಡನೆಯದರ ಲೆಕ್ಕ ನೋಡ್ತೀನಿ, ಅದೂ ಹೊಸದಾಗಿ ಒಬ್ಬರೇ ಓಡಿಸೋಕೆ ಶುರು ಮಾಡಿದವರ ಮೊದಲ ಆರು ತಿಂಗಳ ಅಪಘಾತಗಳ ಲೆಕ್ಕ.